ಮರುದಿನದ ಆಟ

"ಈ ಕಡೆ ಅಲ್ಲ, ಆ ಕಡೆ ತಿರುವು ಅಂದೆ!"

ಒದ್ದೆ ಬೆಡ್‌ಶೀಟಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ನನ್ನ ಮೈದುನನ ಕೈಯಲ್ಲಿ. ಅಷ್ಟು ದೊಡ್ಡ ಬಟ್ಟೆ ಹಿಂಡಬೇಕಾದರೆ ಒಬ್ಬರು ಒಂದು ಕಡೆ ತಿರುವಬೇಕು, ಎದುರಿಗಿದ್ದವರು ಅದಕ್ಕೆ ಉಲ್ಟಾ ತಿರುವಬೇಕು. ಇಬ್ಬರೂ ಒಂದೇ ಕಡೆ ತಿರುವಿದರೆ ಅದು ನಿದ್ದೆ ಬಾರದವರ ಹಾಗೆ ಮಗ್ಗುಲು ಬದಲಿಸುತ್ತಾ ಹೋಗುತ್ತದೆ, ನೀರು ಮಾತ್ರ ಬಿಡುವುದಿಲ್ಲ. ಅವತ್ತು ಆಗುತ್ತಿದ್ದದ್ದು ಅದೇ. ನಾನು ಕೂಗುತ್ತಿದ್ದೆ, ಅವನು ನಗುತ್ತಾ ತಲೆಯಾಡಿಸುತ್ತಿದ್ದ, ಬೆಡ್‌ಶೀಟು ನಡುವೆ ಉರುಳುತ್ತಿತ್ತು.

"ಹೌದು ಅತ್ತಿಗೆ, ಬಿಸಿಲು ಚೆನ್ನಾಗಿದೆ, ಬೇಗ ಒಣಗುತ್ತೆ," ಅಂದ.

ನನ್ನ ತುದಿಯನ್ನು ಬಕೆಟ್ಟಿಗೆ ಬಿಟ್ಟು ಅವನ ಮುಂದೆ ಹೋಗಿ ನಿಂತೆ. ಕೈಯಲ್ಲಿ ತಿರುವಿ ತೋರಿಸಿದೆ.

"ಅಯ್ಯೋ, ಹಾಗಂತ ಮೊದಲೇ ಹೇಳಬಾರದಾ?" ಎಂದು ನನ್ನ ಮೇಲೇ ರೇಗಿದ.

ಹಿಂಡಿ, ಕೊಡವಿ, ತಂತಿಗೆ ಹಾಕಿ ಕ್ಲಿಪ್ಪು ಸಿಕ್ಕಿಸುವಾಗ, ದಿನವೂ ಕೇಳುವುದನ್ನೇ ಮುಖಕ್ಕೆ ಮುಖ ಕೊಟ್ಟು ಕೇಳಿದೆ. "ಆ ಕಾಗದಕ್ಕೆ ಸಹಿ ಹಾಕ್ತೀಯೋ ಇಲ್ವೋ?"

ಅದು ಅವನಿಗೆ ಚೆನ್ನಾಗಿಯೇ ತಿಳಿಯಿತು. "ನಾಳೆ," ಅಂದ.

ಆ ಕಾಗದದ ವಿಷಯ ಇಷ್ಟೇ. ನಮ್ಮ ಬೀದಿಯ ಡಾಕ್ಟರು ಅವನ ಕಿವಿಗೆ ಟಾರ್ಚು ಬಿಟ್ಟು ನೋಡಿ, ಇದು ನನ್ನ ಕೈಲಾಗುವ ಕೆಲಸ ಅಲ್ಲ ಎಂದು ಪೇಟೆಯ ಕಿವಿ ಆಸ್ಪತ್ರೆಗೆ ಬರೆದಿದ್ದರು. ಆಸ್ಪತ್ರೆಯವರು ಉತ್ತರ ಕೊಟ್ಟಿದ್ದರು: ಪರೀಕ್ಷೆ ಮಾಡುತ್ತೇವೆ, ಯಂತ್ರ ಹೊಂದಿಸಿ ಕೊಡುತ್ತೇವೆ, ನಿಮ್ಮ ಹೆಸರಿಗೆ ಜಾಗ ಇಟ್ಟಿದ್ದೇವೆ, ಬರುತ್ತೇನೆ ಎಂದು ನಿಮ್ಮ ಸಹಿ ಹಾಕಿ ತಿಳಿಸಿ. ಬರುತ್ತೇನೆ ಎಂದು ನಾನೇ ಬರೆದು, ಲಕೋಟೆಗೆ ಅಂಚೆಚೀಟಿಯನ್ನೂ ಅಂಟಿಸಿ, ಅವನ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟಿದ್ದೆ. ಅವನು ಕಟಿಂಗ್ ಶಾಪ್ ಇಟ್ಟಿದ್ದವನು. ಅಂಗಡಿ ಮುಚ್ಚಿದಾಗ ಕುರ್ಚಿ ಮಾರಿದ, ಕನ್ನಡಿ ಮಾತ್ರ ಮನೆಗೆ ತಂದ. ಗೋಡೆಯ ಅರ್ಧ ಅದೇ ಇದೆ. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಾನೆ, ಮೀಸೆ ತಿದ್ದಿಕೊಳ್ಳುತ್ತಾನೆ, ಅಷ್ಟು ದೊಡ್ಡ ಕನ್ನಡಿಯಲ್ಲಿ ಆ ಲಕೋಟೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಅವನ ಕಣ್ಣಿಗೆ ಬೀಳುತ್ತದೆ. ಬೇಸಿಗೆ ಹೋಗಿ ಮಳೆ ಬಂತು, ಮಳೆ ಹೋಗಿ ಚಳಿ ಬಂತು. ಆಸ್ಪತ್ರೆಯಿಂದ ಇನ್ನೊಂದು ಪತ್ರವೂ ಬಂತು: ಈ ತಿಂಗಳೊಳಗೆ ಉತ್ತರ ಬಾರದಿದ್ದರೆ ನಿಮ್ಮ ಜಾಗ ಬೇರೆಯವರಿಗೆ.

ಅವನ ಭಯ ಏನೆಂದು ನನಗೆ ಗೊತ್ತಿತ್ತು. ಅದನ್ನು ಹೇಳಬೇಕಾದರೆ ನಮ್ಮ ಸಂಘದ ವಿಷಯ ಹೇಳಬೇಕು.

ನಮ್ಮ ಬೀದಿಯ ಸಂಘ ಇರುವುದು ಇಸ್ತ್ರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಉದ್ದನೆಯ ಒಂದೇ ಕೋಣೆ, ಗೋಡೆಗೆ ಕರಿಹಲಗೆ, ಮೂಲೆಯಲ್ಲಿ ಕೇರಂ ಬೋರ್ಡು, ಒಂದಿಷ್ಟು ಮಡಚುವ ಕುರ್ಚಿ. ಕೆಳಗಿನ ಇಸ್ತ್ರಿಪೆಟ್ಟಿಗೆಗಳ ಬಿಸಿ ಮೇಲಿನ ನೆಲಕ್ಕೂ ಏರುವುದರಿಂದ ಚಳಿಗಾಲದಲ್ಲಿ ನಮ್ಮ ಸಂಘಕ್ಕೆ ಸದಸ್ಯರು ಹೆಚ್ಚು. ನಾನು ಅಕ್ಷರ ಕಲಿತದ್ದು ಅದೇ ಕರಿಹಲಗೆಯ ಮುಂದೆ, ಸಂಘದವರು ನಡೆಸುತ್ತಿದ್ದ ರಾತ್ರಿ ಶಾಲೆಯಲ್ಲಿ, ತಲೆಕೂದಲು ಅರ್ಧ ಬೆಳ್ಳಗಾದ ಮೇಲೆ. ಈಗಲೂ ನನ್ನ ಅಕ್ಷರ ದೊಡ್ಡದು. ಬಸ್ಸಿನಲ್ಲಿ ಪ್ರತಿಯೊಬ್ಬರೂ ತಮಗೇ ಎರಡು ಸೀಟು ಬೇಕು ಅಂತ ಹಟ ಹಿಡಿದ ಹಾಗೆ, ಒಂದೊಂದೂ ಅಗಲವಾಗಿ ಕೂತುಕೊಳ್ಳುತ್ತೆ.

ಸಂಘದ ಕಾರ್ಯದರ್ಶಿ ಡ್ರಿಲ್ ಮೇಡಂ. ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು, ನಿವೃತ್ತಿಯಾದರೂ ಕೊರಳಿಂದ ಸೀಟಿ ಇಳಿದಿಲ್ಲ. ತಿಂಗಳಿಗೆ ಒಂದು ಸಲ ನಮ್ಮನ್ನೆಲ್ಲ ಎಲ್ಲಿಗಾದರೂ ಹೊರಡಿಸುತ್ತಾರೆ. ಹಳೆ ಸಾಮಾನಿನ ಮ್ಯೂಸಿಯಂ, ಹೂವಿನ ಪ್ರದರ್ಶನ, ಒಂದು ಸಲ ಗಾಜಿನ ಕಾರ್ಖಾನೆ. ಆ ಕಾರ್ಖಾನೆಯಲ್ಲಿ ಕೆಂಡದ ಉಂಡೆಯಂಥ ಗಾಜನ್ನು ಕೊಳವೆಯ ತುದಿಗೆ ಹಿಡಿದು ಊದುತ್ತಿದ್ದವನನ್ನು ನೋಡಿ, ನಮ್ಮ ಬೇಕರಿಯವನು "ನನ್ನ ಬನ್ನು ತಾನಾಗಿ ಉಬ್ಬುತ್ತೆ, ಪಾಪ ಇವನದು ಇವನೇ ಊದಬೇಕು," ಅಂದದ್ದನ್ನು ಈಗಲೂ ಹೇಳಿಕೊಂಡು ನಗುತ್ತೇವೆ.

ನಾಟಕಕ್ಕೆ ಹೋಗುವುದು ಮಾತ್ರ ಎಲ್ಲರಿಗೂ ಆಗುವ ಮಾತಲ್ಲ. ರಂಗಮಂದಿರದವರು ನಮ್ಮ ಸಂಘಕ್ಕೆ ಬಿಟ್ಟುಕೊಡುವುದು ಕೊನೆಯ ಒಂದೇ ಸಾಲು. ಆ ಸಾಲಿನಲ್ಲಿ ನಮ್ಮ ಕಾಲುಭಾಗ ಜನ ಹಿಡಿಸಿದರೆ ಹೆಚ್ಚು. ಅದಕ್ಕೆ ಚೀಟಿ ಎತ್ತುತ್ತೇವೆ. ಚೀಟಿ ಬಂದವರು ಹೋಗಿ ನೋಡಿಕೊಂಡು ಬರುತ್ತಾರೆ. ಮರುದಿನ ಸಾಯಂಕಾಲ ಎಲ್ಲರೂ ಮಹಡಿಯ ಕೋಣೆಯಲ್ಲಿ ಸೇರುತ್ತೇವೆ. ನೋಡಿ ಬಂದವರಲ್ಲಿ ಒಬ್ಬರು, ನೋಡದವರಿಗೆ ಇಡೀ ನಾಟಕ ಹೇಳಬೇಕು. ಕಥೆ ಇಷ್ಟು ಅಂತ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಯಾರು ಯಾವ ಕಡೆಯಿಂದ ಬಂದರು, ಏನು ಉಟ್ಟಿದ್ದರು, ಎಲ್ಲಿ ತಡವರಿಸಿದರು, ಎಲ್ಲವೂ ಬರಬೇಕು. ಇದಕ್ಕೆ ನಾವು ಮರುದಿನದ ಆಟ ಅನ್ನುತ್ತೇವೆ.

ಮರುದಿನದ ಆಟ ನನ್ನ ಮೈದುನನದು. ಅವನು ಚೀಟಿಯಿಂದ ಹೊರಗೆ, ಅವನ ಸೀಟು ಖಾಯಂ. ಜೀವನವಿಡೀ ಒಬ್ಬರ ತಲೆ ಹಿಡಿದುಕೊಂಡು ಇನ್ನೊಬ್ಬರ ಕಥೆ ಹೇಳಿದ ಮನುಷ್ಯ. ಅವನ ಹಾಗೆ ಹೇಳುವವರು ನಮ್ಮಲ್ಲಿ ಯಾರೂ ಇಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, "ದಿನಾ ಇಷ್ಟು ಜನಕ್ಕೆ ಮಾತಾಡಿ ಮನೆಗೆ ಹೋದಮೇಲೆ ಅವಳಿಗೆ ಏನು ಉಳಿಸಲಿ?" ಅನ್ನುತ್ತಿದ್ದ. ಅವನು ಹೇಳುವಾಗ ಜನ ಸುಮ್ಮನೆ ಕೂರುತ್ತಿರಲಿಲ್ಲ. ಬೀಗ ರಿಪೇರಿ ಮಾಡುವ ಬೀಗದಣ್ಣ ಅಂತ ಒಬ್ಬರಿದ್ದಾರೆ, ಪ್ರತಿಯೊಂದಕ್ಕೂ ಅವರಿಗೆ ಅನುಮಾನ. "ತಡಿ, ಬಾಗಿಲು ಹಾಕಿತ್ತು ಅಂದೆಯಲ್ಲ, ಈಗ ಅವನು ಹೇಗೆ ಒಳಗೆ ಬಂದ?" ಎಂದು ಅಡ್ಡ ಬಾಯಿ ಹಾಕುವರು. "ನಿನಗೆ ಬೀಗ ಬಿಟ್ಟು ಬೇರೇನಾದರೂ ಕಾಣುತ್ತಾ? ಪ್ರೀತಿ ಮಾಡಿದವನು ಗೋಡೆ ಹಾರಿ ಬಂದ ಕಣಯ್ಯಾ!" ಎಂದು ಇವನು. "ಆ ವಯಸ್ಸಿಗಾ?" ಎಂದು ಬೇಕರಿಯವನು. ಹಾಗೆ ಎರಡು ಗಂಟೆಯ ನಾಟಕ ನಮ್ಮಲ್ಲಿ ಮೂರು ಗಂಟೆ ನಡೆಯುತ್ತಿತ್ತು.

ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಆ ಕೋಣೆಗೆ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ, ಕಿವಿ ಕೇಳದವನಿಗೆ ಖಾಯಂ ಸೀಟು ಯಾಕೆ ಅನ್ನುತ್ತಾರೆ, ಮರುದಿನದ ಆಟ ಇನ್ನೊಬ್ಬರ ಪಾಲಾಗುತ್ತದೆ. ಅದೇ ಅವನ ಭಯ. ಬಾಯಿಬಿಟ್ಟು ಹೇಳಿದವನಲ್ಲ. ನಾನು ಕೇಳಿದಾಗೆಲ್ಲ, "ಮನೆಯಲ್ಲಿ ನೀವು ಗೊಣಗೋದು ಕೇಳಲ್ಲ, ಅಷ್ಟೇ. ನಾಟಕದವರು ಗಂಟಲು ಬಿಟ್ಟು ಮಾತಾಡ್ತಾರೆ, ಅಲ್ಲಿ ನನಗೆ ಪಿಸುಮಾತೂ ಕೇಳುತ್ತೆ," ಅನ್ನುತ್ತಿದ್ದ. ನಾನೂ ನಂಬಿದ್ದೆ. ಬಹಳ ದಿನದಿಂದ ನನಗೆ ಚೀಟಿ ಬಂದಿರಲಿಲ್ಲ.

ಆ ತಿಂಗಳು ಬಂತು.

ಮಧ್ಯಾಹ್ನದ ಆಟ. ಅವನ ಪಕ್ಕದಲ್ಲೇ ನನ್ನ ಸೀಟು. ಒಳಗೆ ಹೋಗುವಾಗ ಬಾಗಿಲಲ್ಲಿ ಅವನು ತಡೆದು ನಿಂತ. "ಹಾಳೆ ಎಲ್ಲಿ?" ಎಂದು ಟಿಕೆಟ್ ಹರಿಯುವವನನ್ನು ಕೇಳಿದ. ನಾಟಕದ ಕಥೆಯನ್ನು, ಕೊನೆಯೊಂದು ಬಿಟ್ಟು, ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಎಲ್ಲರಿಗೂ ಹಂಚುತ್ತಿದ್ದರು, ಈಗ ನಿಲ್ಲಿಸಿದ್ದಾರಂತೆ. ಅದನ್ನು ಟಿಕೆಟ್ಟಿನವನು ಹೇಳಿದ್ದು ನನಗೆ ಕೇಳಿತು. ಮೈದುನ ಇನ್ನೊಂದು ಸಲ ಕೇಳಿದ, ಅವನು ಇನ್ನೊಂದು ಸಲ ಹೇಳಿದ. ಒಂದು ಹಾಳೆಗೆ ಇಷ್ಟು ಮುಖ ಸಪ್ಪಗಾಗುವುದು ಯಾಕೆ ಎಂದು ನನಗೆ ಆಗ ಹೊಳೆಯಲಿಲ್ಲ.

ನಾಟಕ ಸರಳವಾದದ್ದು. ಒಂದು ಮನೆ, ವಯಸ್ಸಾದ ಗಂಡ ಹೆಂಡತಿ, ಒಂದು ಟ್ರಂಕು. ಚಿಕ್ಕ ಮನೆಗೆ ಹೋಗುತ್ತಿದ್ದಾರೆ. ಯಾವ ಸಾಮಾನು ತೆಗೆದುಕೊಳ್ಳಬೇಕು, ಯಾವುದು ಬಿಡಬೇಕು ಎಂದು ಆ ಸಂಜೆಯೆಲ್ಲ ಜಗಳ. ಗೋಡೆ ಗಡಿಯಾರವನ್ನು ಅವನು ಇಳಿಸಿ ಟ್ರಂಕಿಗೆ ಹಾಕುತ್ತಾನೆ, ಅವಳು ತೆಗೆದು ಮತ್ತೆ ಗೋಡೆಗೆ ಹಾಕುತ್ತಾಳೆ. ನಡುವೆ ಹಳದಿ ಅಂಗಿಯ ಪಕ್ಕದ ಮನೆ ಹುಡುಗಿ ಬಂದು ಹೋಗುತ್ತಾಳೆ. ಜಗಳದಲ್ಲಿ ಒಳ್ಳೊಳ್ಳೆ ಮಾತಿದ್ದವು, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಗುತ್ತಾ ಪಕ್ಕಕ್ಕೆ ತಿರುಗಿದೆ.

ಮೈದುನ ರಂಗದ ಕಡೆ ನೋಡುತ್ತಿರಲಿಲ್ಲ. ನಮ್ಮ ಸಾಲನ್ನು ನೋಡುತ್ತಿದ್ದ. ಎಲ್ಲರ ಬಾಯಿ ಅಗಲವಾದ ಮೇಲೆ ತನ್ನ ಬಾಯಿಯನ್ನೂ ಅಗಲ ಮಾಡಿದ. ನಗು ನಿಂತಿದ್ದು ಅವನಿಗೆ ಗೊತ್ತಾಗುವ ಹೊತ್ತಿಗೆ ಸಭೆಯಲ್ಲಿ ಅವನೊಬ್ಬನೇ ನಗುತ್ತಿದ್ದ. ಮುಂದಿನ ಸಾಲಿನವರು ಹಿಂತಿರುಗಿ ನೋಡಿದರು. ಅವನು ಕೆಮ್ಮಿದ ಹಾಗೆ ಮಾಡಿದ.

ಆಮೇಲೆ ನಾನು ನಾಟಕ ನೋಡಿದ್ದು ಅಷ್ಟಕ್ಕಷ್ಟೇ.

ಬಸ್ಸಿನಲ್ಲಿ ಮನೆಗೆ ಬರುವಾಗ, "ಅತ್ತಿಗೆ, ನಿಮಗೆ ಯಾವ ಭಾಗ ಹಿಡಿಸಿತು? ಸ್ವಲ್ಪ ಬಿಡಿಸಿ ಹೇಳಿ ನೋಡೋಣ," ಎಂದು ಮೇಷ್ಟ್ರ ಹಾಗೆ ಕೇಳಿದ. ಹೇಳಿದೆ. ಆದರೆ ಬಸ್ಸು ಗಡಗಡ ಅನ್ನುತ್ತಿತ್ತು, ಪ್ರತಿ ಸ್ಟಾಪಿನಲ್ಲೂ ಜನ ಹತ್ತಿ ಇಳಿದು ನಮ್ಮ ನಡುವೆ ತೂರುತ್ತಿದ್ದರು, ನನ್ನ ಬಾಯಿ ಅವನಿಗೆ ಪೂರ್ತಿ ಕಾಣುತ್ತಿರಲಿಲ್ಲ. ಕೊನೆಗೆ "ಸರಿ ಸರಿ, ನಾನೂ ಅದನ್ನೇ ಅಂದುಕೊಂಡೆ," ಎಂದು ಕಿಟಕಿಯ ಕಡೆ ತಿರುಗಿಬಿಟ್ಟ.

ಮರುದಿನ ಸಾಯಂಕಾಲ ಕೋಣೆ ತುಂಬಿತ್ತು. ಡ್ರಿಲ್ ಮೇಡಂ ಸೀಟಿ ಊದಿದರು. ಮೈದುನ ಎದ್ದು ನಿಂತು, ಮಫ್ಲರು ತೆಗೆದು ಕುರ್ಚಿಗೆ ಹಾಕಿ ಶುರುಮಾಡಿದ.

ಅವನ ನಾಟಕದಲ್ಲಿ ಹೆಂಡತಿ ಒಂದು ಕಾಲಕ್ಕೆ ಹಾಡುತ್ತಿದ್ದವಳು. ಇಷ್ಟು ವರ್ಷದ ಮೇಲೆ ಅವಳನ್ನು ದೂರದ ಊರಿಗೆ ಹಾಡಲು ಕರೆದಿದ್ದಾರೆ. ಸಂಜೆಯ ರೈಲು. ಅವಳು ಟ್ರಂಕು ತುಂಬುತ್ತಿದ್ದಾಳೆ. ಹೋಗಬೇಡ ಎಂದು ಹೇಳುವ ಧೈರ್ಯ ಗಂಡನಿಗಿಲ್ಲ. ಅದಕ್ಕೆ ಗೋಡೆಯ ಗಡಿಯಾರವನ್ನೇ ಬಚ್ಚಿಡುತ್ತಾನೆ, ಹೊತ್ತಾದದ್ದು ಅವಳಿಗೆ ತಿಳಿಯದಿರಲಿ ಎಂದು. ಅವಳು ಹುಡುಕಿ ತೆಗೆದು ಗೋಡೆಗೆ ಹಾಕುತ್ತಾಳೆ. ಅವನು ಮತ್ತೆ ಬಚ್ಚಿಡುತ್ತಾನೆ. ಹಳದಿ ಅಂಗಿಯ ಹುಡುಗಿ ಬರುವುದು, ಸ್ಟೇಷನ್ನಿಗೆ ಹೋಗಲು ಗಾಡಿ ಬಂದಿದೆ ಎಂದು ಹೇಳುವುದಕ್ಕೆ. ಮೈದುನ ಗಂಡನಾಗಿ ಗಡಿಯಾರವನ್ನು ಎದೆಗೆ ಅವಚಿಕೊಂಡು ಕೋಟಿನೊಳಗೆ ಮುಚ್ಚಿಕೊಂಡಾಗ, ನನ್ನ ಮುಂದೆ ಕೂತಿದ್ದ ಬೇಕರಿಯವನು ಕಣ್ಣು ಒರೆಸಿಕೊಂಡ. ಬೇಕರಿಯವನು ನಿನ್ನೆ ನಮ್ಮ ಜೊತೆಗೇ ನಾಟಕ ನೋಡಿದವನು!

ನಾನು ಸುತ್ತ ನೋಡಿದೆ. ನಾಟಕ ನೋಡಿದವರು ಇನ್ನೂ ಹಲವರು ಅಲ್ಲಿದ್ದರು. ಡ್ರಿಲ್ ಮೇಡಂ ಇದ್ದರು, ಕೆಳಗಿನ ಅಂಗಡಿಯ ಇಸ್ತ್ರಿಯಮ್ಮ ಇದ್ದಳು. ಒಬ್ಬರೂ ಹುಬ್ಬೇರಿಸಲಿಲ್ಲ. ಮೈದುನ ಎಲ್ಲೂ ನಿಲ್ಲದೆ ಹೇಳುತ್ತಿದ್ದ. ಮುಗಿದ ಮೇಲೆ ಚಪ್ಪಾಳೆ ಬಿತ್ತು. ಅದು ಅವನಿಗೆ ಕಾಣುತ್ತದಲ್ಲ, ನಗುತ್ತಾ ಬಗ್ಗಿ ನಮಸ್ಕಾರ ಮಾಡಿ ನನ್ನನ್ನು ಕರೆದುಕೊಂಡು ಹೊರಟ.

ಹಿಂದೆಲ್ಲ ಆಟ ಮುಗಿದ ಮೇಲೂ ಕೂತು ಹರಟುತ್ತಿದ್ದವನು ಈಗೀಗ ಮುಗಿದ ತಕ್ಷಣ ಹೊರಡುತ್ತಾನೆ ಎಂಬುದು ದಾರಿಯಲ್ಲಿ ನನ್ನ ಮನಸ್ಸಿಗೆ ಬಂತು. ಏನು ಹೇಳಲಿ, ಹೇಗೆ ಹೇಳಲಿ ಎಂದು ಹೊಯ್ದಾಡುತ್ತಲೇ ಬೀದಿಯ ತಿರುವಿನವರೆಗೆ ಬಂದಿದ್ದೆವು. ಅವನು ಕುತ್ತಿಗೆ ಮುಟ್ಟಿಕೊಂಡ.

"ಮಫ್ಲರು ಅಲ್ಲೇ ಬಿಟ್ಟೆ ಅತ್ತಿಗೆ."

ವಾಪಸು ಹೋದೆವು. ಮಹಡಿಯ ದೀಪ ಆರಿತ್ತು. ಆದರೆ ಕೆಳಗಿನ ಇಸ್ತ್ರಿ ಅಂಗಡಿಯ ಬಾಗಿಲು ಪೂರ್ತಿ ತೆರೆದಿತ್ತು, ಒಳಗೆಲ್ಲ ಬೆಳಕು. ನಾವು ರಸ್ತೆಯ ಈಚೆ ದಡದಲ್ಲಿದ್ದೆವು. ಸಂಘದ ಜನವೆಲ್ಲ ಅಲ್ಲಿತ್ತು. ಬಟ್ಟೆ ಗಂಟಿನ ಮೇಲೆ, ಸ್ಟೂಲಿನ ಮೇಲೆ, ಮೆಟ್ಟಿಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ನಡುವೆ ಇಸ್ತ್ರಿಯಮ್ಮ ನಿಂತು ಏನೋ ಹೇಳುತ್ತಿದ್ದಳು.

ನನಗೂ ಅಷ್ಟು ದೂರದಿಂದ ಮಾತು ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ಅವಳು ತಣ್ಣಗಿದ್ದ ಒಂದು ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಗೋಡೆಗೆ ಒತ್ತಿ ಹಿಡಿದಳು. ಇಳಿಸಿದಳು. ಬಟ್ಟೆಯ ಬುಟ್ಟಿಗೆ ಹಾಕಿದಳು. ಮತ್ತೆ ತೆಗೆದು ಗೋಡೆಗೆ ಹಿಡಿದಳು. ಬೀಗದಣ್ಣ ಎದ್ದು ನಿಂತು ಕೈ ಬೀಸಿ ಏನೋ ತಕರಾರು ತೆಗೆದರು. ಅವಳು ಬಟ್ಟೆಗೆ ಚಿಮುಕಿಸುವ ನೀರಿನ ಬಾಟ್ಲಿ ಎತ್ತಿಕೊಂಡು ಅವರ ಮುಖಕ್ಕೇ ಚಿಮುಕಿಸಿದಳು. ಇಡೀ ಅಂಗಡಿ ನಕ್ಕಿತು. ಇನ್ನೊಬ್ಬರು ಏನೋ ಕೇಳಿದರು, ಅವಳು ತಿರುಗಿ ಏನೋ ಅಂದಳು, ಮತ್ತೆ ನಗು.

ಮೈದುನ ನೋಡುತ್ತಾ ನಿಂತ. ಕಣ್ಣಿನಲ್ಲೇ ನಾಟಕ ನೋಡುವ ಅಭ್ಯಾಸ ಇದ್ದವನು. ಅವನಿಗೆ ತಿಳಿಯದೆ ಇದ್ದೀತೆ?

ಆಮೇಲೆ ನನ್ನ ಕಡೆ ತಿರುಗಿ ಕೇಳಿದ. "ಗಡಿಯಾರ ಬಚ್ಚಿಟ್ಟದ್ದಲ್ಲವಾ?"

ಅಲ್ಲ ಎಂದು ತಲೆಯಾಡಿಸಿದೆ.

"ಮತ್ತೆ?"

"ತಗೊಂಡು ಹೋಗಬೇಕೋ ಬಿಟ್ಟು ಹೋಗಬೇಕೋ ಅಂತ ಜಗಳ," ಎಂದು ಬೀದಿದೀಪದ ಕೆಳಗೆ ಬಂದು ನಿಧಾನವಾಗಿ ಹೇಳಿದೆ. "ಮನೆ ಬದಲಾಯಿಸ್ತಾ ಇರ್ತಾರೆ."

"ಅಷ್ಟೇನಾ?"

"ಅಷ್ಟೇ."

"ಹಾಡೋದು ಇಲ್ಲವಾ?"

"ಇಲ್ಲಪ್ಪ."

"ಹಾಗಾದರೆ ನನ್ನದೇ ಚೆನ್ನಾಗಿತ್ತು," ಅಂದ. ನಗಲು ನೋಡಿದ. ಆಗಲಿಲ್ಲ. ಮಫ್ಲರು ಕೇಳದೆ ಹಾಗೇ ಮನೆಯ ಕಡೆ ಹೊರಟ. ನಾನು ಹಿಂದೆ ಹೋದೆ. ರಸ್ತೆ ದಾಟುವಾಗ ಸೈಕಲ್ಲಿನವನೊಬ್ಬ ಬೆಲ್ಲು ಹೊಡೆದ. ಇವನಿಗೆ ಕೇಳದು, ನಾನೇ ತೋಳು ಹಿಡಿದು ಎಳೆದೆ.

ಮರುದಿನ ಊಟದ ಹೊತ್ತಿಗೆ ಹೇಳಿದ. "ಡ್ರಿಲ್ ಮೇಡಂಗೆ ಹೇಳಿಬಿಡಿ. ನನ್ನ ಸೀಟು ಚೀಟಿಗೆ ಹಾಕಿಕೊಳ್ಳಲಿ. ಇನ್ನು ಹೇಳೋದು ನನ್ನಿಂದ ಆಗಲ್ಲ."

"ಕಾಗದಕ್ಕೆ ಸಹಿ ಹಾಕು, ಎಲ್ಲ ಸರಿಹೋಗುತ್ತೆ."

"ಇನ್ನು ಯಾತಕ್ಕೆ ಕಿವಿ? ಅವರು ನನ್ನ ಮುಂದೆ ಚಪ್ಪಾಳೆ ತಟ್ಟಿ, ಹಿಂದೆ ನಿಜ ಕೇಳಿಸಿಕೊಳ್ತಾರೆ. ಮಕ್ಕಳು ಗೀಚಿದ ಚಿತ್ರಕ್ಕೆ ಭೇಷ್ ಅನ್ನೋ ಹಾಗೆ. ಅದನ್ನ ಕಿವಿಯಾರೆ ಬೇರೆ ಕೇಳಬೇಕಾ?"

ನಾನು ಹೋಗಿ ಡ್ರಿಲ್ ಮೇಡಂಗೆ ಹೇಳಿದೆ. ಅವರು ಸೀಟಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿಕೊಂಡು ಮಾಡಿದರು.

"ಹೋದ ವರ್ಷದಿಂದ ಗೊತ್ತು ಅಕ್ಕಾ," ಅಂದರು. "ಒಂದು ಸಲ ನಾಟಕದಲ್ಲಿ ಸತ್ತವನಿಗೆ ಇವರು ಕೊನೆಯಲ್ಲಿ ಮದುವೆ ಮಾಡಿಸಿದರು. ಅಲ್ಲಿಂದ ಅನುಮಾನ. ಹೇಳೋಣ ಅಂದರೆ ಒಬ್ಬರಿಗೂ ಬಾಯಿ ಬರಲಿಲ್ಲ. ನಿಜವಾದ ಕಥೆ ತಿಳಿಯದೆ ಉಳಿದವರು ಪಾಪ ಅಂತ ಕೆಳಗೆ ಶುರುವಾಯಿತು, ಅದೇ ಅಭ್ಯಾಸವಾಗಿ ಹೋಯಿತು. ತಪ್ಪು ನಮ್ಮದೇ."

"ತಪ್ಪು ಒಪ್ಪುವ ಮಾತು ಬಿಡಿ. ತಿಂಗಳು ಮುಗಿಯುತ್ತಾ ಬಂತು. ಆಸ್ಪತ್ರೆಯಲ್ಲಿ ಅವನ ಜಾಗ ಹೋಗುತ್ತೆ," ಅಂದೆ. ಲಕೋಟೆಯ ವಿಷಯ ಪೂರ್ತಿ ಹೇಳಿದೆ. ಇಷ್ಟು ದಿನ ಅವನ ಮರ್ಯಾದೆ ಎಂದು ಮುಚ್ಚಿಟ್ಟಿದ್ದೆ, ಈಗ ಮುಚ್ಚಿಡುವುದಕ್ಕೆ ಏನು ಉಳಿದಿತ್ತು?

ಅವನು ಮನೆಯಿಂದ ಹೊರಗೆ ಬೀಳುವುದನ್ನೇ ಬಿಟ್ಟ. ಕನ್ನಡಿಗೆ ಬೆನ್ನು ಹಾಕಿ ಕೂರುತ್ತಿದ್ದ. ಗಡ್ಡ ಬೆಳೆಯಿತು. ನಮ್ಮವರು ತೀರಿಹೋದಾಗಲೂ ಗಡ್ಡ ಬಿಟ್ಟವನಲ್ಲ ಅವನು. ಕ್ಷೌರದವನ ಮುಖ ಅವನ ಅಂಗಡಿಯ ಬೋರ್ಡು ಅತ್ತಿಗೆ, ಅನ್ನುತ್ತಿದ್ದ. ನಾನು ಬೈಯಲಿಲ್ಲ, ಬಲವಂತ ಮಾಡಲಿಲ್ಲ. ಹೊತ್ತು ಹೊತ್ತಿಗೆ ಟೀ ತಂದಿಟ್ಟೆ, ಲಕೋಟೆಯ ಮೇಲಿನ ಧೂಳು ಒರೆಸಿದೆ.

ತಿಂಗಳ ಕೊನೆ ಇನ್ನೇನು ಬಂತು ಅನ್ನುವಾಗ ಇಸ್ತ್ರಿಯಮ್ಮ ಬಂದಳು. ಒಂದು ತೋಳಿನ ಮೇಲೆ ನಮ್ಮ ಮನೆಯ ಇಸ್ತ್ರಿ ಬಟ್ಟೆ, ಇನ್ನೊಂದು ಕೈಯಲ್ಲಿ ಅವನ ಮಫ್ಲರು. ಅದಕ್ಕೂ ಇಸ್ತ್ರಿ ಹಾಕಿಬಿಟ್ಟಿದ್ದಳು, ಪಾಪ, ಹಪ್ಪಳದ ಹಾಗಾಗಿತ್ತು.

ಸೀದಾ ಹೋಗಿ ಅವನೆದುರು ಸ್ಟೂಲು ಎಳೆದುಕೊಂಡು ಕೂತಳು. "ಅಣ್ಣಾ, ನನ್ನ ಮುಖ ನೋಡು."

ನೋಡಿದ.

"ಕೋಪವಾ?"

"ಕೋಪ ಯಾಕೆ? ನೀನು ಚೆನ್ನಾಗಿ ಹೇಳ್ತೀಯ. ಇನ್ನುಮುಂದೆ ಮಹಡಿ ಮೇಲೇ ಹೇಳು."

"ನಾನಾ? ನಾನು ಹೇಳೋದನ್ನ ನೀನು ಕೇಳಬೇಕು. ಗಂಡ ಬಂದ, ಹೆಂಡತಿ ಬಂದಳು, ಟ್ರಂಕು ಬಂತು, ಎರಡು ಪ್ಯಾಂಟು, ನಾಲ್ಕು ಅಂಗಿ. ಬಟ್ಟೆ ಲೆಕ್ಕ ಒಪ್ಪಿಸಿದ ಹಾಗೆ ಇರುತ್ತೆ."

"ಮತ್ತೆ ಅಷ್ಟು ನಗ್ತಿದ್ದರಲ್ಲ."

"ಅದು ನನ್ನ ಕಥೆಗಲ್ಲ, ಜಗಳಕ್ಕೆ!" ಅವಳ ಗಂಟಲು ಏರಿತು. ಏರಿಸಿ ಪ್ರಯೋಜನವಿಲ್ಲ ಎಂದು ನೆನಪಾಗಿ ಇಳಿಸಿದಳು. ಒಂದೊಂದೇ ಮಾತು ಬಿಡಿಸಿ, ಕೈಯಲ್ಲೂ ತೋರಿಸುತ್ತಾ ಹೇಳಿದಳು. "ನೀನು ಈಗ ಒಂದು ವರ್ಷದಿಂದ ಉಸಿರು ತಗೊಳ್ಳದೆ ಹೇಳ್ತೀಯ ಅಣ್ಣ. ನಡುವೆ ಯಾರಾದರೂ ಬಾಯಿ ಹಾಕಿಬಿಟ್ಟರೆ ಅಂತ ಓಡ್ತೀಯ. ಮೊನ್ನೆ ಬೀಗದಣ್ಣ ಎಷ್ಟು ಸಲ ಕೈ ಎತ್ತಿದರು ನೋಡಿದೆಯಾ? ಶಾಲೆ ಮಕ್ಕಳ ಹಾಗೆ ಎತ್ತಿ ಎತ್ತಿ, ಸೋತು, ಕೈ ಇಳಿಸಿ ಕೂತುಬಿಟ್ಟರು. ಮೊದಲು ನಿನ್ನ ಜೊತೆ ಜಗಳ ಆಡದೆ ಅವರಿಗೆ ಊಟ ಸೇರ್ತಿತ್ತಾ? ಈಗ ಆ ಜಗಳವನ್ನ ನನ್ನ ಅಂಗಡಿಗೆ ತರ್ತಾರೆ. ನನಗೆ ನಿನ್ನ ಹಾಗೆ ತಿರುಗಿಸಿ ಕೊಡೋಕೆ ಬರಲ್ಲ. ಅದಕ್ಕೇ ನೀರು ಚಿಮುಕಿಸಿಬಿಡ್ತೀನಿ."

ಮೈದುನ ಗಡ್ಡ ಕೆರೆದುಕೊಂಡ. ಹೊರಗೆ ತರಕಾರಿ ಗಾಡಿ ಕೂಗಿಕೊಂಡು ಹೋಯಿತು. ನಾನು ಬಾಗಿಲಲ್ಲೇ ನಿಂತಿದ್ದೆ, ಕೂರಲೂ ತೋಚಲಿಲ್ಲ.

"ಏನಂತೆ ಅವನ ತಕರಾರು?" ಎಂದು ಕೇಳಿದ.

"ಯಾರದು?"

"ಬೀಗದವನದು. ಮೊನ್ನೆ ಕೈ ಎತ್ತಿದ್ದು ಯಾಕಂತೆ?"

"ರೈಲು ಅವಳಿಗೋಸ್ಕರ ಕಾಯುತ್ತಾ ಇಲ್ವಾ ಅಂತ."

"ಯಾವ ರೈಲು?"

"ನಿನ್ನ ರೈಲೇ! ನಾಟಕದಲ್ಲಿ ಎಲ್ಲಿದೆ ರೈಲು? ಬೀಗದಣ್ಣಾ, ರೈಲೇ ಇಲ್ಲ, ಮನೆ ಖಾಲಿ ಮಾಡ್ತಿದ್ದಾರೆ ಅಷ್ಟೇ ಅಂತ ಕೆಳಗೆ ಎಷ್ಟು ಸಲ ಹೇಳಿದೆ. 'ಅದು ನಾಟಕದಲ್ಲಿ ಕಣಮ್ಮ, ನಾನು ಕೇಳ್ತಿರೋದು ಮಹಡಿ ಮೇಲಿನ ಕಥೇದು. ಗಡಿಯಾರ ಬಚ್ಚಿಟ್ಟನಲ್ಲ, ಹೊತ್ತು ಮೀರಿತಲ್ಲ, ಆಮೇಲೆ ಅವಳ ಗತಿ ಏನು?' ಅಂತಾರೆ. ನಾನು ಏನು ಹೇಳಲಿ? ಬೇಕರಿಯವನು ಕಾಯುತ್ತೆ ಅಂತಾನೆ, ಇವರು ಕಾಯಲ್ಲ ಅಂತಾರೆ. ನಿನ್ನೆ ಬನ್ನು ತಗೊಳ್ಳೋಕೆ ಹೋದಾಗಲೂ ಅದೇ ಗಲಾಟೆ."

"ಕಾಯಲ್ಲ," ಅಂದ ಮೈದುನ. ತಕ್ಷಣ ಬಂತು ಮಾತು. "ಅದು ಎಕ್ಸ್‌ಪ್ರೆಸ್ಸು. ಯಾರಪ್ಪನಿಗೂ ಕಾಯಲ್ಲ."

"ಹಾಗಂತ ಅವರಿಗೆ ಹೇಳು. ನನಗೆ ಹೇಳಿದರೆ?"

"ಹೇಳಿದರೆ ಅವನು ಸುಮ್ಮನಿರ್ತಾನಾ? ಮುಂದಿನ ಸ್ಟೇಷನ್ನಿಗೆ ಗಾಡಿ ಮಾಡಿಕೊಂಡು ಹೋಗಬ..." ಎಂದವನು ಮಾತು ಅಲ್ಲೇ ನಿಲ್ಲಿಸಿದ. ಬೀಗದಣ್ಣ ಹೇಳುವುದು, ತಾನು ತಿರುಗಿ ಹೇಳುವುದು, ಎಲ್ಲ ಅವನ ಕಣ್ಣ ಮುಂದೆ ನಡೆದಿರಬೇಕು. ಬರೀ ಕೇಳುವುದೊಂದೇ ಇಲ್ಲ. "ಅವನು ಏನಾದರೂ ಅಂದರೆ ನನಗೆ ಗೊತ್ತೇ ಆಗಲ್ಲವಲ್ಲಮ್ಮಾ," ಅಂದ. ಅದನ್ನು ಅವನು ಬೇರೆಯವರ ಮುಂದೆ ಹೇಳಿದ್ದು ಅದೇ ಮೊದಲು.

"ಅದಕ್ಕೆ ಡಾಕ್ಟರು ಇರೋದು," ಅಂದಳು ಇಸ್ತ್ರಿಯಮ್ಮ. "ಮೇಡಂ ಹೇಳಿ ಕಳಿಸಿದ್ದಾರೆ. ಮುಂದಿನ ನಾಟಕಕ್ಕೆ ನಿನ್ನ ಸೀಟು ಚೀಟಿಗೆ. ಅದರಲ್ಲಿ ದಾಕ್ಷಿಣ್ಯ ಇಲ್ಲ. ಆಸ್ಪತ್ರೆಗೆ ಹೋಗಿ ಬಂದು ತೋರಿಸಲಿ, ಆಮೇಲೆ ಸೀಟಿನ ಮಾತು ಅಂದರು. ಮರುದಿನ ಹೇಳೋದು ಅಲ್ಲಿವರೆಗೆ ನಾನೇ ಅಂತೆ." ಎದ್ದಳು. "ನನಗೆ ಅಂಗಡಿ ನೋಡೋಕೇ ಪುರುಸೊತ್ತಿಲ್ಲ. ಬೇಗ ಬಾ."

ಅವಳು ಹೋದಮೇಲೆ ಅವನು ಕನ್ನಡಿಯ ಕಡೆ ತಿರುಗಿದ. ಗಡ್ಡ ನೋಡಿಕೊಂಡ. "ಥೂ, ಕಾಡುಮನುಷ್ಯ," ಅಂದ. ಆಮೇಲೆ ಲಕೋಟೆ ಕಿತ್ತು ತಂದು ನನ್ನ ಮುಂದೆ ಇಟ್ಟ.

"ಪೆನ್ನು ಕೊಡಿ."

ಒಳಗಿನ ಹಾಳೆಯನ್ನು ಬಿಚ್ಚಿ ಓದಿದ. ಮುಖ ಗಂಟು ಹಾಕಿದ. "ಇದೇನು ಅತ್ತಿಗೆ, 'ಪರೀಕ್ಷೆಗೆ ಬರುತ್ತೇನೆ' ಅಂತ ಒಂದೇ ಸಾಲು? ಇಷ್ಟು ತಡ ಯಾಕಾಯಿತು ಅಂತ ಹೇಳಬೇಡವಾ? ಇನ್ನೊಂದು ಹಾಳೆ ತನ್ನಿ. ಅಂಗಡಿ ದಿನದಿಂದ ಶುರು ಮಾಡೋಣ. ಮೊದಲು ಎಡಗಿವಿ ಹೇಗೆ ಮಂದವಾಯಿತು..."

"ಅವರಿಗೆ ನಾಟಕ ಬೇಡ, ಸಹಿ ಬೇಕು," ಅಂದೆ.

"ತಡವಾಯಿತು ಅಂತಾದರೂ ಬರೀರಿ."

ಬರೆದೆ. 'ಉತ್ತರ ತಡವಾಯಿತು, ಕ್ಷಮಿಸಬೇಕು. ಜಾಗ ಇನ್ನೂ ಇದ್ದರೆ ತಿಳಿಸಿ, ಇಲ್ಲದಿದ್ದರೆ ಮುಂದಿನ ಸರದಿಗೆ ಹೆಸರು ಇರಲಿ.' ನನ್ನ ದೊಡ್ಡ ಅಕ್ಷರಕ್ಕೆ ಹಾಳೆಯ ಕೆಳಭಾಗ ತುಂಬಿಹೋಯಿತು, ಅವನ ಸಹಿಗೆ ಒಂದು ಮೂಲೆ ಉಳಿಯಿತು. ಆ ಮೂಲೆಯಲ್ಲಿ ಬಾಗಿ ಅವನು ಸಹಿ ಹಾಕಿದ, ಊದಿ ಒಣಗಿಸಿದ. ಲಕೋಟೆಗೆ ಅಂಟು ನಾನು ಬಳಿದೆ.

"ಈಗಲೇ ಹೋಗೋಣ," ಅಂದೆ. ನಾಳೆ ಎಂಬ ಮಾತು ಅವನ ಬಾಯಿಗೆ ಬರುವ ಮೊದಲೇ ಚಪ್ಪಲಿ ಮೆಟ್ಟಿಕೊಂಡೆ.

"ಈ ಗಡ್ಡದಲ್ಲಾ?"

"ಅಂಚೆ ಡಬ್ಬಿಗೆ ಗಡ್ಡ ಕಾಣುತ್ತಾ? ನಡಿ."

ಗಟ್ಟಿಯಾದ ಆ ಮಫ್ಲರನ್ನೇ ಮುಖದ ಮೇಲೆ ಎಳೆದುಕೊಂಡು ಬಂದ. ಬೇಕರಿಯವನು ಬಾಗಿಲಿಂದ ಕೈ ಎತ್ತಿದ, ಏನೋ ಕೂಗಿದ. ಮೈದುನ ತಲೆಯಾಡಿಸಿ ಮುಂದೆ ಹೋಗುವವನು, ನಿಂತು ನನ್ನನ್ನು ಕೇಳಿದ. "ಏನಂದ?"

"ಕಾಯುತ್ತೆ ಅಂತೆ. ರೈಲು."

"ಅವನ ತಲೆ," ಅಂದ. ಎಂದಿನ ಹಾಗೆ.

ಅಂಚೆ ಡಬ್ಬಿ ಇರುವುದು ಔಷಧದಂಗಡಿಯ ಪಕ್ಕದ ಗೋಡೆಯಲ್ಲಿ. ಕೊಡು ಎಂದು ಕೈ ಚಾಚಿದೆ, ಅವನು ಕೊಡಲಿಲ್ಲ. ಲಕೋಟೆಯನ್ನು ತಿರುಗಿಸಿ ವಿಳಾಸ ಇನ್ನೊಂದು ಸಲ ಓದಿಕೊಂಡ. ಡಬ್ಬಿಯ ಬಾಯೊಳಗೆ ಅರ್ಧ ತೂರಿಸಿ ಹಾಗೇ ಹಿಡಿದುಕೊಂಡ. ನಾನು ಬೇರೆ ಕಡೆ ನೋಡುತ್ತಾ ನಿಂತೆ. ಆಮೇಲೆ ಬೆರಳು ಬಿಟ್ಟ.

ಡಬ್ಬಿ ಖಾಲಿಯಿತ್ತೋ ಏನೋ, ಕಾಗದ ತಳಕ್ಕೆ ಬಡಿದದ್ದು ನನಗೆ ಕೇಳಿಸಿತು. ಅವನು ಬಗ್ಗಿ ಡಬ್ಬಿಯ ಕತ್ತಲೆಯೊಳಗೆ ಇಣುಕಿದ, ಏನೂ ಕಾಣಲಿಲ್ಲ. ನನ್ನ ಕಡೆ ತಿರುಗಿದ.

"ಬಿತ್ತಾ ಅತ್ತಿಗೆ?"

"ಬಿತ್ತು," ಅಂದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ.